ನೀರು ಹೊಕ್ಕ ದಾರಿ

ನನ್ನ ಮಗ ಅಮೆರಿಕದಲ್ಲಿದ್ದಾನೆ. ರವಿವಾರ ಬೆಳಿಗ್ಗೆ ನಾನು ಜಮಖಂಡಿಯ ಮನೆಯಲ್ಲಿ ಚಹಾ ಕುಡಿಯುವ ಹೊತ್ತಿಗೆ ಅವನ ಫೋನು ಬರುತ್ತದೆ. ಅಲ್ಲಿ ಆಗಿನ್ನೂ ಶನಿವಾರ ರಾತ್ರಿ. ಹೋದ ವರ್ಷ ಒಂದು ರವಿವಾರ ವಿಡಿಯೊದಲ್ಲಿ ಮಗನ ಮುಖ ಕಾಣಲಿಲ್ಲ, ಒಂದು ಸ್ಟೀಲಿನ ಪಾತ್ರೆ ಕಂಡಿತು. ಅದರೊಳಗೆ ಟಪ್ ಟಪ್ ಎಂದು ನೀರು ಬೀಳುತ್ತಿತ್ತು.

“ಏನೋ ಅದು? ಮಾಳಿಗಿ ಸೋರಾಕತ್ತೈತೇನು?” ಎಂದೆ.

ಹತ್ತು ವರ್ಷದ ಮೊಮ್ಮಗ ಕಿಲಕಿಲ ನಕ್ಕ. “ಅಜ್ಜಾ, ಇದು ಮಾಳಿಗಿ ಅಲ್ಲ, ಗಾಡಿ!”

ಮಕ್ಕಳೇ, ಆ ಗಾಡಿಯ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಅದನ್ನು ಕ್ಯಾಂಪರ್ ಎನ್ನುತ್ತಾರೆ. ಒಲೆ, ಹಾಸಿಗೆ, ಬಚ್ಚಲು ಎಲ್ಲ ಇರುವ, ಗಾಲಿಯ ಮೇಲಿನ ಮನೆ. ರಸ್ತೆಯಲ್ಲಿ ಓಡುವ ಗಾಡಿ ಬಹಳ ಅಗಲ ಇರುವಂತಿಲ್ಲವಲ್ಲ, ಅದಕ್ಕೊಂದು ಉಪಾಯ ಮಾಡಿದ್ದಾರೆ. ಗಾಡಿ ನಿಲ್ಲಿಸಿ ಗುಂಡಿ ಒತ್ತಿದರೆ, ಕಡ್ಡಿಪೆಟ್ಟಿಗೆಯ ಒಳಗಿನ ತಟ್ಟೆ ಸರಿದಂತೆ, ಗೋಡೆಯ ಒಂದು ಭಾಗ ಹೊರಗೆ ಸರಿಯುತ್ತದೆ. ಒಳಗೆ ಒಂದು ಸಣ್ಣ ಖೋಲಿಯಷ್ಟು ಜಾಗ ಹೆಚ್ಚಾಗುತ್ತದೆ. ಹೊರಡುವಾಗ ಮತ್ತೆ ಗುಂಡಿ ಒತ್ತಿದರೆ ಖೋಲಿ ಒಳಗೆ. ಮಗ ಹಳೆಯದೊಂದು ಕ್ಯಾಂಪರ್ ಕೊಂಡಿದ್ದ. ಆ ಸರಿಯುವ ಖೋಲಿಯೇ ಸೋರುತ್ತಿತ್ತು.

“ಎರಡ ಸಲ ಟೇಪ್ ಹಚ್ಚೇನಪಾ, ನಿಲ್ಲವಲ್ದು” ಎಂದ ಮಗ. ಹನಿ ಬೀಳುತ್ತಿದ್ದ ಜಾಗಕ್ಕೇ, ಒಳಗಿನಿಂದ, ಟೇಪ್ ಅಂಟಿಸಿದ್ದ.

ನನಗೆ ನಗು ಬಂತು. ಹಿಂದೆಯೇ ಹಳೆಯದೊಂದು ನೆನಪಾಗಿ ನಗು ನಿಂತಿತು.

“ಹನಿ ಬೀಳೂ ಜಾಗಾ ಬ್ಯಾರೆ, ನೀರು ಹೊಕ್ಕ ಜಾಗಾ ಬ್ಯಾರೆ ಇರತೈತೋ. ಗಾಡಿಗೂ ಖೋಲಿಗೂ ಕೂಡೂ ಸಂದು ನೋಡು” ಎಂದೆ.

“ಅಜ್ಜಾ, ನೀ ಈ ಗಾಡೀನ ನೋಡಿಲ್ಲ. ನಿನಗ ಹ್ಯಾಂಗ ಗೊತ್ತು?” ಎಂದ ಮೊಮ್ಮಗ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಬನಹಟ್ಟಿಯಲ್ಲಿ, ನೇಕಾರರ ಮನೆಯಲ್ಲಿ. ಆಗ ನಮ್ಮ ಓಣಿಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಗೋಡೆಯ ಮೇಲೆ ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಚಿಲಿಕೆ, ಅದರ ಮೇಲೆ ಬೇವಿನ ತಪ್ಪಲು, ಆಮೇಲೆ ಗೇಣುಗಟ್ಟಲೆ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ಈ ಸವಳು ಮಣ್ಣು ಹೊಲದಲ್ಲಿದ್ದರೆ ರೈತನಿಗೆ ಕಣ್ಣೀರು, ಬೆಳೆ ಏಳುವುದಿಲ್ಲ. ಮಾಳಿಗೆಯ ಮೇಲಿದ್ದರೆ ಅದೇ ಮಣ್ಣು ಕೊಡೆ. ಅದರಲ್ಲಿ ಸೋಡಿಯಂ ಅಂಶ ಹೆಚ್ಚು. ಮಳೆ ತಾಗಿದೊಡನೆ ಅದರ ನುಣುಪು ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ದೋಣಿಯ ಕಡೆಗೆ ಹರಿದುಹೋಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರು ಇದನ್ನು ಕಣ್ಣಿನಿಂದಲೇ ಕಲಿತಿದ್ದರು.

ಆದರೆ ವರ್ಷಕ್ಕೊಮ್ಮೆ, ಮಿರಗದ ಮಳೆಗಿಂತ ಮೊದಲು, ಮಾಳಿಗೆಗೆ ಹೊಸ ಮಣ್ಣು ಹಾಕಿ, ನೀರು ಚಿಮುಕಿಸಿ, ತುಳಿದು, ಬಡಿದು ಗಟ್ಟಿ ಮಾಡಬೇಕು. ಇಲ್ಲದಿದ್ದರೆ ಸೋರುವುದು ಖಂಡಿತ. ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನೇ ಹಿಡಿದು ಬದುಕಿನ ತತ್ವ ಹೇಳಿದ್ದು ಸುಮ್ಮನೆ ಅಲ್ಲ. ಅದು ಆಗ ಮನೆಮನೆಯ ಮಾತು.

1963ರಲ್ಲಿ ನನಗೆ ಹನ್ನೆರಡು ವರ್ಷ. ಅಪ್ಪ ಎರಡನೆಯ ಮಗ್ಗ ಹೂಡಬೇಕೆಂದು ಹಳೆಯ ಮನೆಗೆ ತಗುಲಿಸಿ ಒಂದು ಹೊಸ ಖೋಲಿ ಕಟ್ಟಿಸಿದ್ದ. ಮಾಳಿಗೆ ಮಾಡಿದವನು ನಮ್ಮ ಓಣಿಯವನೇ, ಅವನನ್ನು ನಾವು ಕಾಕಾ ಎನ್ನುತ್ತಿದ್ದೆವು. ಕೆಲಸ ಮುಗಿಸಿದ ಕಾಕಾ ನನಗೆ ಹೇಳಿದ: “ಹಳೀ ಮಾಳಿಗಿ ಕುಂತ ಗಟ್ಟಿ ಆಗೇತಿ. ಹೊಸಾದು ಇನ್ನೂ ಕುಂದರಬೇಕು. ಎರಡೂ ಕೂಡೂ ಸಂದಿನ್ಯಾಗ ಬಿರುಕು ಬಿಡತೈತಿ. ನಾಳೆ ಸಂದು ಚಲೋತ್ನಾಗಿ ತುಳಿ, ತಮ್ಮಾ.”

ಮರುದಿನ ನಾನು ಕೊಡ ಹೊತ್ತು ಮಾಳಿಗೆ ಹತ್ತಿದೆ. ನೀರು ಹಾಕಿ ತುಳಿಯತೊಡಗಿದೆ. ಬಿಸಿಲು ಏರಿತು. ಕೆಳಗೆ ಗೆಳೆಯರು ಚಿಣಿಫಣಿ ಆಡಲು ಕರೆದರು. ಸಂದಿನ ಹತ್ತಿರ ಎರಡು ಮೊಳ ಅಗಲದ ಪಟ್ಟಿ ಉಳಿದಿತ್ತು. ಅದರ ಮೇಲೆ ಸಡಿಲ ಮಣ್ಣನ್ನು ಕಾಲಿನಿಂದ ಸರಿಸಿ ಮುಚ್ಚಿ ಕೆಳಗಿಳಿದೆ.

“ಎಲ್ಲಾ ತುಳಿದೇನು?” ಎಂದ ಅಪ್ಪ.

“ಪೂರಾ ತುಳಿದೆನಪಾ” ಎಂದೆ.

ಹತ್ತು ದಿನದ ಮೇಲೆ ಒಂದು ರಾತ್ರಿ ಗುಡುಗು ಸಿಡಿಲಿನ ದೊಡ್ಡ ಮಳೆ ಬಂತು. ಹೊಸ ಮಗ್ಗ ಕುಣಿಮಗ್ಗ. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ನೆಲದಲ್ಲಿ ತೋಡಿರುತ್ತದೆ. ಬೆಳಗಾಗುವ ಹೊತ್ತಿಗೆ ಆ ಕುಣಿಯಲ್ಲಿ ಮೊಣಕಾಲುದ್ದ ಕೆಸರು ನೀರು. ಮಗ್ಗಕ್ಕೆ ಹೂಡಿದ್ದ ಹಾಸು ಪೂರ್ತಿ ತೊಯ್ದಿತ್ತು. ಕೆಂಪು ಎಳೆಗಳ ಬಣ್ಣ ಬಿಳಿಯ ಎಳೆಗಳಿಗೆ ಇಳಿದಿತ್ತು. ಗಂಜಿ ಹಚ್ಚಿದ ನೂಲು ಒಂದಕ್ಕೊಂದು ಅಂಟಿಕೊಂಡಿತ್ತು. ನೂಲು ಸಾವಕಾರನದು, ಸಾಲ ಅಪ್ಪನದು. ಅವ್ವ ಸೆರಗಿನಿಂದ ಎಳೆಗಳನ್ನು ಒತ್ತಿ ಒತ್ತಿ ಒರೆಸುತ್ತಿದ್ದುದು ಇವತ್ತಿಗೂ ಕಣ್ಣ ಮುಂದಿದೆ.

ಹನಿ ಬೀಳುತ್ತಿದ್ದುದು ಹೊಸ ಖೋಲಿಯ ನಟ್ಟನಡುವೆ, ಸಂದಿನಿಂದ ಆರು ಮೊಳ ದೂರದಲ್ಲಿ. ಅಪ್ಪ ಆ ಜಾಗದ ಮೇಲೆ ಮಾಳಿಗೆ ಕೆದರಿ ನೋಡಿದ. ಅಲ್ಲಿ ಮಣ್ಣು ಗಟ್ಟಿಯಾಗಿಯೇ ಇತ್ತು. ನನಗೆ ಮಾತ್ರ ಗೊತ್ತಿತ್ತು. ಸಂದಿನಲ್ಲಿ ಹೊಕ್ಕ ನೀರು ಜಂತಿಯ ಬೆನ್ನು ಹಿಡಿದು ಹರಿದು, ಜಂತಿ ಬಾಗಿದಲ್ಲಿ ಕೆಳಗೆ ಬಿದ್ದಿತ್ತು. ನಾನು ಬಾಯಿ ಬಿಡಲಿಲ್ಲ.

ಅಪ್ಪ ಕಾಕಾನನ್ನು ಕರೆಸಿದ. “ಮಣ್ಣು ಕಡಿಮಿ ಹಾಕಿ ಮೋಸ ಮಾಡೀದಿ” ಎಂದು ಓಣಿಯ ಮಂದಿಯ ಮುಂದೆ ಬೈದ. ಕೊಡಬೇಕಾಗಿದ್ದ 5 ರೂಪಾಯಿ ಕೊಡಲಿಲ್ಲ. ಕಾಕಾ ಸುಮ್ಮನೆ ಮಾಳಿಗೆ ಹತ್ತಿದ, ಸಂದಿನಲ್ಲಿ ಮಣ್ಣು ತುಂಬಿ ತಾನೇ ತುಳಿದ, ಇಳಿದು ಹೋದ. ಅವತ್ತಿನಿಂದ ಖೋಲಿ ಸೋರಲಿಲ್ಲ. ಕಾಕಾ ಮಾತ್ರ ನಮ್ಮ ಮನೆಗೆ ಮತ್ತೆ ಬರಲಿಲ್ಲ.

ಮುಂದೆ ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದೆ. ಮುಧೋಳ, ಬೀಳಗಿ, ಜಮಖಂಡಿ ಎಂದು ವರ್ಗವಾಗುತ್ತ ತಿರುಗಿದೆ. ಆಗ ಲೆಕ್ಕವೆಲ್ಲ ಕೈಬರಹದ ಲೆಜರಿನಲ್ಲಿ. ಸಂಜೆ ಲೆಕ್ಕ ಕೂಡದಿದ್ದರೆ ಮನೆಗೆ ಹೋಗುವಂತಿಲ್ಲ. ವ್ಯತ್ಯಾಸ ಕಾಣುವುದು ಕೊನೆಯ ಸಾಲಿನಲ್ಲಿ, ತಪ್ಪು ಇರುವುದು ಹಿಂದಿನ ಯಾವುದೋ ಪುಟದಲ್ಲಿ. ಅದಕ್ಕೊಂದು ಯುಕ್ತಿಯಿತ್ತು. ವ್ಯತ್ಯಾಸ 9ರಿಂದ ಸಮನಾಗಿ ಭಾಗವಾದರೆ, ಯಾರೋ ಪಕ್ಕಪಕ್ಕದ ಎರಡು ಅಂಕಿ ಅದಲುಬದಲು ಬರೆದಿರಬಹುದು ಎಂದು ಮೊದಲು ಅದನ್ನೇ ಹುಡುಕುತ್ತಿದ್ದೆವು. 54ರ ಬದಲು 45 ಬರೆದರೆ ವ್ಯತ್ಯಾಸ 9. 82ರ ಬದಲು 28 ಬರೆದರೆ 54. ನೀವೂ ಮಾಡಿ ನೋಡಿ. ಹೀಗೆ ಇನ್ನೊಬ್ಬರ ತಪ್ಪು ಹುಡುಕುವಾಗಲೆಲ್ಲ ನನಗೆ ಆ ಸಂದಿನ ಎರಡು ಮೊಳ ಜಾಗ ನೆನಪಾಗುತ್ತಿತ್ತು.

1984ರಲ್ಲಿ ಜಮಖಂಡಿಯ ಶಾಖೆಯಲ್ಲಿದ್ದಾಗ ಒಂದು ದಿನ ಕಾಕಾ ಹಣ ತೆಗೆಯಲು ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅವನ ಕೈ ಹಿಡಿದೆ. ಇಪ್ಪತ್ತೊಂದು ವರ್ಷ ಹೇಳದಿದ್ದುದನ್ನು ಕೌಂಟರಿನ ಈಚೆ ನಿಂತೇ ಹೇಳಿಬಿಟ್ಟೆ.

ಕಾಕಾ ಬೊಚ್ಚುಬಾಯಿ ತೆರೆದು ನಕ್ಕ. “ನನಗ ಆವತ್ತ ಗೊತ್ತಾಗಿತ್ತರೀ. ಸಂದಿನ ಮಣ್ಣು ಅಷ್ಟ ತೊಳಕೊಂಡು ಹೋಗಿತ್ತು, ಈಚೆ ಕಡೆ ತುಳಿದದ್ದು ಗಟ್ಟಿ ಇತ್ತು.”

“ಮತ್ತ ಅಪ್ಪನ ಮುಂದ ಯಾಕ ಹೇಳಲಿಲ್ಲ?”

“ನಿಮ್ಮ ಅಪ್ಪನ ಸಿಟ್ಟು ನನಗ ಗೊತ್ತಿಲ್ಲೇನು? ಐದು ರೂಪಾಯಿ ನಾ ಇನ್ನೊಂದು ಮಾಳಿಗಿ ಮ್ಯಾಲ ದುಡೀತಿದ್ನಿ. ಸಣ್ಣ ಹುಡುಗ ಹೊಡತಾ ತಿನ್ನೂದು ನೋಡಬೇಕಾಗಿತ್ತೇನು?”

ನಾನು ಕಿಸೆಯಿಂದ ಹಣ ತೆಗೆದೆ. ಅವನು ಮುಟ್ಟಲಿಲ್ಲ. “ಚಹಾ ಕುಡಸ್ರಿ, ಸಾಕು” ಎಂದ. ಕುಡಿಸಿದೆ. ಆದರೆ ಓಣಿಯ ಮುಂದೆ ಅವನ ಮೇಲೆ ಬಿದ್ದ ಮೋಸದ ಮಾತನ್ನು ಹಿಂದೆ ತೆಗೆದುಕೊಳ್ಳಬೇಕಾದವನು ಅಪ್ಪ. ಅಪ್ಪ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಇಷ್ಟು ಹೇಳಿ ನಾನು ನಿಲ್ಲಿಸಿದೆ. ಅಮೆರಿಕದ ಕಡೆಯಿಂದ ಸ್ವಲ್ಪ ಹೊತ್ತು ಹನಿಯ ಸಪ್ಪಳ ಮಾತ್ರ ಕೇಳಿತು. ಆಮೇಲೆ ಮೊಮ್ಮಗ ಮೆಲ್ಲಗೆ, “ಪಪ್ಪಾ, ಹೋದ ತಿಂಗಳು ನಾನು ಮೇಲೆ ನೋಡಿರಲಿಲ್ಲ” ಎಂದ.

ವಿಷಯ ಹೀಗಿತ್ತು. ಸರಿಯುವ ಖೋಲಿಯ ಸುತ್ತ ಸಂದು ಮುಚ್ಚಲು ರಬ್ಬರಿನ ಪಟ್ಟಿ ಇರುತ್ತದೆ. ಖೋಲಿಯನ್ನು ಒಳಗೆ ಎಳೆಯುವ ಮೊದಲು ಅದರ ನೆತ್ತಿಯ ಮೇಲಿನ ಎಲೆ, ಕಡ್ಡಿ ತೆಗೆಯಬೇಕು. ಇಲ್ಲದಿದ್ದರೆ ಅವು ಸಂದಿಗೆ ಸಿಕ್ಕು ರಬ್ಬರ್ ಹರಿಯುತ್ತದೆ. ಏಣಿಯ ಮೇಲಿಂದ ನೋಡಿ ಹೇಳು ಎಂದು ಮಗ ಹುಡುಗನಿಗೆ ಹೇಳಿದ್ದ. ಹುಡುಗ ಹತ್ತದೆಯೇ, “ಏನೂ ಇಲ್ಲ” ಎಂದಿದ್ದ.

ನಾನು ಮಗನಿಗೆ ನಮ್ಮ ಹಿರಿಯರ ಪರೀಕ್ಷೆ ಹೇಳಿಕೊಟ್ಟೆ. ಮಳೆ ನಿಂತ ಮೇಲೆ ಒಬ್ಬರು ಒಳಗೆ ಕೂತು ನೋಡಬೇಕು, ಒಬ್ಬರು ಹೊರಗಿನಿಂದ ನೀರು ಬಿಡಬೇಕು. ಎಲ್ಲ ಕಡೆ ಒಮ್ಮೆಲೇ ಬಿಡಬಾರದು. ಕೆಳಗಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಬೇಕು. ಎಲ್ಲಿಗೆ ಬಂದಾಗ ಒಳಗೆ ಹನಿ ಬೀಳುತ್ತದೋ ಅಲ್ಲಿ ನೀರಿನ ದಾರಿ. ನಾವು ಕೊಡದಿಂದ ಸುರಿಯುತ್ತಿದ್ದೆವು, ಅವರು ಪೈಪಿನಿಂದ ಬಿಡಲಿ, ಅಷ್ಟೇ.

ಮುಂದಿನ ರವಿವಾರ ಫೋನು ಬಂತು. ಮೇಲಿನ ಮೂಲೆಯ ಸಂದಿನಲ್ಲಿ ಬೆರಳುದ್ದದ ಒಂದು ಕಡ್ಡಿ ಸಿಕ್ಕಿತ್ತಂತೆ. ಅದರ ಪಕ್ಕದಲ್ಲೇ ರಬ್ಬರ್ ಹರಿದಿತ್ತಂತೆ. ಹನಿ ಬೀಳುತ್ತಿದ್ದುದು ಅಲ್ಲಿಂದ ಮೂರಡಿ ಆಚೆ. ಮೊಮ್ಮಗ ಆ ಕಡ್ಡಿಯನ್ನು ಕ್ಯಾಮೆರಾದ ಮುಂದೆ ಹಿಡಿದು ತೋರಿಸಿದ.

“ಪಪ್ಪಾ ಬೈದ್ನೇನು?” ಎಂದು ಕೇಳಿದೆ.

“ಬೈದ, ಅಜ್ಜಾ” ಎಂದ. “ಆಮ್ಯಾಲ ಇಬ್ಬರೂ ಕೂಡಿ ಹೊಸ ರಬ್ಬರ್ ಹಾಕಿದ್ವಿ.”