ಚಿಕ್ಕ ರೈಲಿನ ಅಕ್ಷರಗಳು

ಉದಗೀರದ ಓದುಗರಿಗೆ ರೈಲಿನ ಸಿಳ್ಳು ದಿನನಿತ್ಯದ ಮಾತು. ರೈಲಿಲ್ಲದ ಉಮರ್ಗಾ ತಾಲೂಕಿನ ಗುಂಜೋಟಿಯವರಾದ ನಮಗೆ ಅದು ಎಂದಿಗೂ ಪರವೂರಿನ ವೈಭವವೇ ಸರಿ. ಅಂಥ ನಮ್ಮ ಪಡಸಾಲೆಯಲ್ಲಿಯೇ ಒಂದು ರೈಲುಡಬ್ಬಿ ಬಂದು ನಿಂತ ವೃತ್ತಾಂತವನ್ನು ಹೇಳಹೊರಟರೆ ಓದುಗರು ನಗಬಾರದು.

ಪುಣೆಯ ಕೋಥರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಚಿಕಣಿ ರೈಲ್ವೆ ವಸ್ತುಸಂಗ್ರಹಾಲಯವನ್ನು ನೋಡಿಬಂದಂದಿನಿಂದ ನಮ್ಮ ಮಗನಿಗೆ ರೈಲಿನ ಹುಚ್ಚು ಹಿಡಿಯಿತು. ಅವನ ಅಜ್ಜನಿಗೆ, ಅಂದರೆ ನಮ್ಮ ತಂದೆಯವರಿಗೆ, ಆ ಹುಚ್ಚು ಮೊದಲಿನಿಂದಲೂ ಇತ್ತು. 1958ರಲ್ಲಿ ತಮ್ಮ ಅಜ್ಜಿಯ ಕೈಹಿಡಿದು ಲಾತೂರಿನಿಂದ ಕುರ್ಡುವಾಡಿಗೆ, ಅಲ್ಲಿಂದ ಪಂಢರಪುರಕ್ಕೆ ಚಿಕ್ಕ ರೈಲಿನಲ್ಲಿ ಹೋದ ಕಥೆಯನ್ನು ಅವರು ಎಷ್ಟು ಸಲ ಹೇಳಿದ್ದಾರೆಂಬುದಕ್ಕೆ ಲೆಕ್ಕವಿಲ್ಲ. ಈಗ ಅವರ ದೃಷ್ಟಿ ಮಂದವಾಗಿದೆ. ಅದು ಪೂರ್ತಿ ಮಸುಕಾಗುವ ಮುನ್ನ ಆ ಡಬ್ಬಿಯೊಂದನ್ನು ಮಾಡಿ ಅವರೆದುರು ಇಡಬೇಕೆಂಬುದು ಮಗನ ಹಂಬಲವಾಯಿತು.

ಚಿಕ್ಕ ರೈಲೆಂದರೆ ಬಾರ್ಸಿ ಲೈಟ್ ರೈಲ್ವೆ. ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಆಂಗ್ಲ ಇಂಜಿನಿಯರನು ಕಟ್ಟಿದ ಈ ಮಾರ್ಗವು 1897ರಲ್ಲಿ ಬಾರ್ಸಿಗೂ, 1911ರಲ್ಲಿ ಲಾತೂರಿಗೂ, 1927ರಲ್ಲಿ ಮಿರಜಕ್ಕೂ ತಲುಪಿತು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ. ಮೊದಲ ಗಾಡಿಗಳ ಅಡಿಗಟ್ಟಿನ ಉದ್ದ 25 ಅಡಿ. ಒಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಎಲ್ಲವನ್ನೂ ಹೊಂದಿಸಿದ್ದರು. ಸರಕಾರವು 1954ರ ಜನವರಿ 1ರಂದು ಇದನ್ನು ವಹಿಸಿಕೊಂಡಿತು. 2008ರ ಹೊತ್ತಿಗೆ ಲಾತೂರು-ಕುರ್ಡುವಾಡಿಗಳ ನಡುವೆ ದೊಡ್ಡ ಹಳಿ ಬಂದು, ಚಿಕ್ಕ ರೈಲು ನೆನಪಾಗಿ ಉಳಿಯಿತು.

ಇಪ್ಪತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ 38 ಸೆಂಟಿಮೀಟರು ಉದ್ದದ ಡಬ್ಬಿ ಸಿದ್ಧವಾಯಿತು. ತೆಳು ಪ್ಲೈವುಡ್ಡಿನ ಮೈಗೆ ಹಿಂದಿನ ರೈಲುಡಬ್ಬಿಗಳ ಕಡುಗೆಂಪು ಬಣ್ಣ ಬಳಿದೆವು. ಉಳಿದದ್ದು ಅಕ್ಷರವೊಂದೇ. ಆ ಕಾಲಕ್ಕೆ ಆ ಮಾರ್ಗ ಮಧ್ಯ ರೈಲ್ವೆಗೆ ಸೇರಿತ್ತು. ಸೋಲಾಪುರ ವಿಭಾಗವು ದಕ್ಷಿಣ ಮಧ್ಯ ರೈಲ್ವೆಗೆ ಹೋದದ್ದು 1966ರಲ್ಲಿ, ಮರಳಿದ್ದು 1977ರಲ್ಲಿ. ಹೀಗಾಗಿ ಡಬ್ಬಿಯ ಮೇಲೆ ನಾಗರಿಯಲ್ಲಿ ‘ಮ. ರೇ.’ ಎಂದೇ ಇರತಕ್ಕದ್ದು. ಕನ್ನಡವನ್ನೂ ಅಲ್ಲಿಯೇ ಹಾಕೋಣವೆಂದು ನಮ್ಮ ಮನಸ್ಸು ಎಳೆಯಿತಾದರೂ ತಂದೆಯವರು ಒಪ್ಪಲಿಲ್ಲ. “ಅದರ ಮೈಮ್ಯಾಲ ನಾ ಕನ್ನಡ ಕಂಡಿಲ್ಲ. ಸುಳ್ಳು ಬರೀಬ್ಯಾಡ್ರಿ” ಎಂದರು. ಕೊನೆಗೆ ಡಬ್ಬಿಯ ಪೀಠಕ್ಕೆ ನಿಲ್ದಾಣದ ಫಲಕದಂತೆ ಹಳದಿ ಬಳಿದು, ಅದರ ಮೇಲೆ ಕಪ್ಪಿನಲ್ಲಿ ‘ಬಾರ್ಸಿ ಲೈಟ್ ರೈಲ್ವೆ’ ಎಂದು ಕನ್ನಡದಲ್ಲಿ ಹಾಕುವುದೆಂದು ತೀರ್ಮಾನವಾಯಿತು.

ಅಷ್ಟು ಸಣ್ಣ ಅಕ್ಷರ ಕುಂಚಕ್ಕೆ ಒಗ್ಗದು. ಅದಕ್ಕೆ ಡೆಕಾಲ್ ಎಂಬ ಹಾಳೆಯುಂಟು. ಕಾಗದದ ಮೇಲೆ ಅಂಟಿನ ಲೇಪ, ಅದರ ಮೇಲೊಂದು ತೆಳುವಾದ ಪೊರೆ, ಪೊರೆಯ ಮೇಲೆ ಅಕ್ಷರ. ನೀರಿನಲ್ಲಿ ನೆನೆಸಿದರೆ ಪೊರೆ ಕಾಗದದಿಂದ ಜಾರುತ್ತದೆ. ಸೋಲಾಪುರದಲ್ಲಿ ಲೇಸರ್ ಯಂತ್ರದಿಂದ ಮುದ್ರಿಸಿ ತಂದೆವು.

ಮೊದಲ ದಿನವೇ ಸೋಲು. ಕಡುಗೆಂಪಿನ ಮೇಲೆ ಹಳದಿ ‘ಮ. ರೇ.’ ಕಾಣಿಸಲೇ ಇಲ್ಲ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಿಳಿ ಬಣ್ಣವಿರುವುದಿಲ್ಲ. ಪಾರದರ್ಶಕ ಪೊರೆಯ ಮೇಲಿನ ತೆಳು ಹಳದಿಯನ್ನು ಕೆಳಗಿನ ಕೆಂಪು ನುಂಗಿಬಿಡುತ್ತದೆ. ಬಿಳಿ ತಳದ ಹಾಳೆಯಲ್ಲಿ ಅಕ್ಷರದ ಸುತ್ತ ಡಬ್ಬಿಯ ಕೆಂಪನ್ನೇ ಮುದ್ರಿಸಿದಾಗ ಆ ತೊಡಕು ತೀರಿತು. ಅಕ್ಷರ ಕಂಡಿತು, ಆದರೆ ಒಣಗಿದ ಮೇಲೆ ಅಂಚುಗಳೆದ್ದವು. ಪೀಠದ ಮೇಲಿನ ಪಾರದರ್ಶಕ ಪೊರೆಯ ಅಡಿಯಲ್ಲಂತೂ ಬೂದಿ ಚೆಲ್ಲಿದಂತೆ ಬೆಳ್ಳಗಿನ ಮಚ್ಚೆಗಳು ಮೂಡಿದವು.

ದೋಷ ಅಂಟಿನದಲ್ಲ, ನೆಲದ್ದು. ಹೊಳಪಿಲ್ಲದ ಬಣ್ಣ ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೈ ತರಿತರಿಯಾಗಿರುತ್ತದೆ. ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಹೊಳೆಯುತ್ತದೆ. ಆದ್ದರಿಂದ ಮೊದಲು ಹೊಳಪಿನ ವಾರ್ನಿಶ್ ಬಳಿದು ಎರಡು ದಿನ ಒಣಗಲು ಬಿಡಬೇಕು. ಡೆಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷವಷ್ಟೇ ಅದ್ದಿ ತೆಗೆದು, ಪೊರೆ ಸಡಿಲವಾಗುವವರೆಗೆ ಕಾಯಬೇಕು. ನೀರಿನಲ್ಲಿಯೇ ತೇಲಬಿಟ್ಟರೆ ಅಂಟು ತೊಳೆದುಹೋಗುತ್ತದೆ. ನಮ್ಮ ಕಡೆಯ ಬೋರಿನ ಗಡಸು ನೀರು ಆರಿದ ಮೇಲೆ ಸುಣ್ಣದ ಕಲೆ ಬಿಡುವುದರಿಂದ ಕಾಯಿಸಿದ ಮಳೆನೀರು ಲೇಸು. ಮೈಯನ್ನು ಒದ್ದೆ ಮಾಡಿ, ಪೊರೆಯನ್ನು ಅದರ ಮೇಲೆ ಜಾರಿಸಿ, ಹತ್ತಿಯಿಂದ ನಡುವಿನಿಂದ ಅಂಚಿನತ್ತ ನೀರನ್ನು ಒತ್ತಿ ತೆಗೆಯಬೇಕು. ಹಲಗೆಯ ಸಂದಿನಲ್ಲಿ ಪೊರೆ ಕೂಡದಿದ್ದರೆ ನೀರು ಬೆರೆಸಿದ ವಿನಿಗರಿನ ಒಂದು ಹನಿ ಅದನ್ನು ಮೆತ್ತಗಾಗಿಸುತ್ತದೆ. ಗುಳ್ಳೆ ಉಳಿದರೆ ಸೂಜಿಯ ಮೊನೆ ಸಾಕು. ರಾತ್ರಿಯಿಡೀ ಒಣಗಿಸಿ, ಉಳಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೇಲೆ ಮತ್ತೊಮ್ಮೆ ವಾರ್ನಿಶ್ ಕೊಟ್ಟರೆ ಅಂಚು ಅಡಗುತ್ತದೆ.

ಇಷ್ಟನ್ನು ಕಲಿತು ಎರಡನೆಯ ಸಲ ಹಚ್ಚುವ ಕೆಲಸವನ್ನು ಮಗನಿಗೇ ಬಿಟ್ಟೆವು. ಪೊರೆ ಎಲ್ಲಿಯೂ ಏಳಲಿಲ್ಲ, ಮಚ್ಚೆ ಮೂಡಲಿಲ್ಲ. ಹೆಮ್ಮೆಯಿಂದ ಅಜ್ಜನ ಮುಂದಿಟ್ಟನು. ತಂದೆಯವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, “ತಮ್ಮಾ, ಇದು ಬಾರ್ಸಿ ಅಲ್ಲೋ, ಬಾಸಿ ಆಗ್ಯದ!” ಎಂದರು.

ಅರ್ಕಾವೊತ್ತು ಇರಲಿಲ್ಲ. ಅಕ್ಷರಗಳನ್ನು ಒತ್ತಾಗಿ ಕತ್ತರಿಸುವಾಗ, ಪಕ್ಕದ ಆ ಕೊಂಕನ್ನು ಮುದ್ರಣದ ಮಸಿಯೆಂದು ತಿಳಿದು ಮಗ ಕತ್ತರಿಸಿ ಎಸೆದಿದ್ದನು. ‘ರೈಲ್ವೆ’ಯ ವಕಾರದ ಒತ್ತೂ ಅದೇ ದಾರಿ ಹಿಡಿದಿತ್ತು. ಹಿಂದಿ ಬಲ್ಲ ಹುಡುಗ. ತನ್ನ ರೈಲು ‘ಹಳಸಿದ ರೈಲು’ ಆಯಿತೆಂದು ತಾನೇ ಮೊದಲು ನಕ್ಕನು. ನಮಗೆ ಮಾತ್ರ ನಗು ಬರಲಿಲ್ಲ. ಮರಾಠಿ ಶಾಲೆಯಲ್ಲಿ ಓದುವ ಹುಡುಗ ಮನೆಯಲ್ಲಿ ಕನ್ನಡವನ್ನೇ ಆಡುತ್ತಾನೆ, ಅಷ್ಟು ಸಾಕೆಂದು ನಾವು ನೆಮ್ಮದಿಯಿಂದ ಇದ್ದೆವು. ಅಕ್ಷರ ತಾನಾಗಿ ಅಂಟಿಕೊಳ್ಳುತ್ತದೆಂದು ನಂಬಿದ್ದೆವು. ನೆಲವನ್ನು ಹದಮಾಡಬೇಕಾದ ನಾವೇ ಆ ಕೆಲಸ ಮಾಡಿರಲಿಲ್ಲ. ಮರಾಠಿ ಶಾಲೆಯನ್ನು ಇದಕ್ಕೆ ದೂರುವಂತಿಲ್ಲ. ಅದು ತನ್ನ ಅಕ್ಷರವನ್ನು ಚೆನ್ನಾಗಿಯೇ ಕಲಿಸಿದೆ.

ಮೂರನೆಯ ಹಾಳೆಯನ್ನು ಕತ್ತರಿಸುವ ಮುನ್ನ ಅಜ್ಜನೂ ಮೊಮ್ಮಗನೂ ಪಾಟಿ ಹಿಡಿದು ಕುಳಿತರು. ಯಾವ ಒತ್ತು ಯಾವ ಅಕ್ಷರಕ್ಕೆ ಸೇರಿದ್ದೆಂದು ತಂದೆಯವರು ಕಾಣದ ಕಣ್ಣಿನಿಂದಲೇ ಬರೆದು ತೋರಿಸಿದರು. ಹತ್ತು ಸಂಜೆ ಹಿಡಿಯಿತು. ರೈಲು ಅಷ್ಟು ದಿನ ತಡವಾಯಿತು.

ಕೊನೆಯ ವಾರ್ನಿಶ್ ಆರಿದ ದಿನ ತಂದೆಯವರು ಭೂತಗನ್ನಡಿಯನ್ನು ಕೇಳಲಿಲ್ಲ. ಪೀಠದ ಮೇಲೆ ಬೆರಳಾಡಿಸಿ ಪೊರೆಯ ಅಂಚನ್ನು ಹುಡುಕಿದರು. ಸಿಗಲಿಲ್ಲ. “ಏನ ಬರದೀಯೋ, ಓದು” ಎಂದರು. ಮಗ ಓದಿದನು, ಅರ್ಕಾವೊತ್ತನ್ನು ತುಸು ಹೆಚ್ಚಾಗಿಯೇ ಒತ್ತಿ.