ಎರಡು ಊರು, ಎರಡು ಪುಸ್ತಕ

ಕಳೆದ ತಿಂಗಳು ನಾವು ಓದಿದ ಪುಸ್ತಕಗಳು ಎರಡೇ. ಎರಡರ ಕರ್ತೃಗಳೂ ಮಂಡ್ಯ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳಲ್ಲಿ ಹುಟ್ಟಿದವರು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ‘ದೇವರು’ ಎಂಬ ಗ್ರಂಥವನ್ನು ಪ್ರಕಟಿಸಿದರು. ದೇವರನ್ನು ನಂಬಲು ತಮಗೆ ಆಧಾರ ಕಾಣದೆಂದು ಅದರಲ್ಲಿ ಸಾವಧಾನವಾಗಿ ವಾದಿಸಿದ್ದಾರೆ. ಕೋಪವಿಲ್ಲ, ಕುಹಕವಿಲ್ಲ, ನಮಗೆ ಉತ್ತರ ಹೊಳೆಯದೆ ಹೋದುದು ಅದರಿಂದಲೇ ಇರಬೇಕು. ಆ ಸಂಜೆ ದೇವರ ಮನೆಯಲ್ಲಿ ದೀಪ ಹಚ್ಚುವಾಗ ಕ್ಷಣಕಾಲ ಕೈ ತಡೆದು ನಿಂತಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮರುವಾರ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಜನಿಸಿದ ಪು. ತಿ. ನರಸಿಂಹಾಚಾರ್ ಅವರ ಗೀತನಾಟಕ ‘ಗೋಕುಲ ನಿರ್ಗಮನ’ವನ್ನು ಕೈಗೆತ್ತಿಕೊಂಡೆವು. ಇಲ್ಲಿ ದೇವರು ವಾದಕ್ಕೆ ನಿಲ್ಲುವುದೇ ಇಲ್ಲ, ಗೋಕುಲವನ್ನು ಬಿಟ್ಟು ಹೊರಟುಬಿಡುತ್ತಾನೆ. ಉಳಿಯುವುದು ಗೋಪಿಯರ ಅಳಲು. ರಾಯರಿಗೆ ಇದು ಉತ್ತರವೆಂದು ನಾವು ಹೇಳಲಾರೆವು. ಆದರೂ ಓದುತ್ತ ಕಣ್ಣು ತೇವವಾಯಿತು.

ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟಿದ್ದೆವು. ‘ದೇವರು’ ಮಾತ್ರ ನಿನ್ನೆ ಮತ್ತೆ ಕೆಳಗಿಳಿದಿದೆ.