ಹೊಸ ಪಿಸಿಗೆ ಹಳೇ ಗೇಮ್ – ಭಾಗ 2

ಅಣ್ಣ ಪುಣೆಗೆ ಹೋದ ಮ್ಯಾಲೆ ಆಳಂದದ ಮನ್ಯಾಗಿನ ಪಿಸಿ ಮಾರೋದಿತ್ತು. ಅದರಾಗ ನಾವಿಬ್ಬರೂ ಆಡಿದ ಯೂರೋ ಟ್ರಕ್ ಸಿಮ್ಯುಲೇಟರ್ 2, 30 ಜಿಬಿ. ಜೇವರ್ಗಿ ರೂಮಿನಾಗ ನನ್ನ ಡೇಟಾ ದಿನಕ್ಕ 1.5 ಜಿಬಿ. ಲೆಕ್ಕ ಹಾಕ್ರಿ, 20 ದಿನ!

ಅಫಜಲಪುರದ ದೋಸ್ತನ ಹಾರ್ಡ್‌ಡಿಸ್ಕಿಗೆ ಕಾಪಿ ಹೊಡೆದು ತಂದೆ. ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್ ಫೋಲ್ಡರಿಗೆ ಗೇಮ್ ಫೋಲ್ಡರ್ ಹಾಕಿ, ಅದೇ ಅಕೌಂಟಿನಾಗ ಇನ್‌ಸ್ಟಾಲ್ ಒತ್ತಬೇಕು. ಸ್ಟೀಮ್ ಇದ್ದ ಫೈಲ್ ಗುರುತು ಹಿಡಿದು, ಕಡಿಮಿ ಬಿದ್ದಷ್ಟೇ ಇಳಿಸ್ತದ.

ತೆರೆದರ, ಅಣ್ಣನ ಪ್ರೊಫೈಲ್ ಇಲ್ಲ! ಅಂವ ಹಾಕಿದ್ದ ನಮ್ಮ ಕಡಿ ಬಸ್ಸಿನ ಮಾಡ್ ಸೈತ ಇಲ್ಲ. ಅವು ಗೇಮ್ ಫೋಲ್ಡರಿನಾಗ ಇರಂಗಿಲ್ಲ, ಡಾಕ್ಯುಮೆಂಟ್ಸ್ ಒಳಗ ಬ್ಯಾರೆ ಇರ್ತಾವ. ಕ್ಲೌಡ್ ಸೇವೂ ಆನ್ ಇರಲಿಲ್ಲ. ಅವ್ವಗ ಫೋನ್ ಹಚ್ಚಿದೆ.

"ಪಿಸಿ ಕೊಟ್ಟಿ ಏನವ್ವಾ?"

"ನಾಳಿ ಒಯ್ತಾರಪಾ."

ರಾತ್ರಿನೇ ಬಸ್ ಹತ್ತಿದೆ. ಈಗ ಪ್ರೊಫೈಲ್ ತೆರೆದರ, ಅಣ್ಣ ನಿಲ್ಲಿಸಿ ಹೋದ ಜಾಗದಾಗೇ ಗಾಡಿ ನಿಂತದ.